ಅಕ್ಕಿಯ ತಾಟಿನಲ್ಲಿ ಬರೆದ ಹೆಸರು

ಮೈದುನ ನಿಲಂಗಾದಿಂದ ಬಂದ ದಿನ ಅವನ ಕೈಯಲ್ಲಿ ಪೇಢೆಯ ಡಬ್ಬಿ ಇತ್ತು. ನನಗೆ ಅಲ್ಲೇ ಅನುಮಾನ ಬಂತು. ನನ್ನ ಗಂಡನ ತಮ್ಮ ಸುಮ್ಮನೆ ಪೇಢೆ ತರುವ ಗಿರಾಕಿಯಲ್ಲ. ಡಬ್ಬಿಯನ್ನು ತೆಗೆದುಕೊಂಡೆ, ಎದುರಿಗೆ ಬಿಚ್ಚಲಿಲ್ಲ.

ನಾನು ಉದಗೀರದಲ್ಲಿ ಕಾಲೇಜು ಹುಡುಗರಿಗೆ ಖಾನಾವಳಿ ನಡೆಸುವವಳು. ನಂಬಿಕೆ ಎನ್ನುವುದು ನನ್ನ ಅಡುಗೆಮನೆಯ ಸಾಮಾನಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ತೂಗಿಸಿಯೇ ಒಳಗೆ ಬಿಡುತ್ತೇನೆ. ತೊಗರಿಬೇಳೆ ಚೀಲದ ಬಾಯಲ್ಲಿರುವುದನ್ನು ನೋಡಿ ಖುಷಿಪಡುವುದಿಲ್ಲ, ತಳಕ್ಕೆ ಕೈಹಾಕಿ ಮುಷ್ಟಿ ತೆಗೆಯುತ್ತೇನೆ. ನನ್ನ ಗಂಡ ಮೋಂಢಾದ, ಎಂದರೆ ಕಾಳಿನ ಪೇಟೆಯ, ಅಡತಿ ಅಂಗಡಿಯಲ್ಲಿ ಕಾಳಿನ ತೂಕ ನೋಡುವವರು. ದಿನವೆಲ್ಲ ಮಂದಿಯ ಕಾಳು ತೂಗಿ ಬರುವ ಈ ಮನುಷ್ಯ, ಮಂದಿಯ ಮಾತನ್ನು ಮಾತ್ರ ತೂಗದೆಯೇ ನುಂಗುತ್ತಾರೆ. ಮೇಲಾಗಿ ನನಗೇ ಬೈಗುಳ: "ನಿನಗ ದೇವ್ರ ಮ್ಯಾಲೂ ಶಕ್ ಅದ."

ಮೈದುನ ಚಹಾ ಕುಡಿದ. ಕುಡಿದು ಬಾಯಿ ಒರೆಸಿಕೊಂಡು ಬ್ಯಾಗಿನಿಂದ ನುಣುಪು ಕಾಗದ ತೆಗೆದ.

"ವೈನಿ, ಈಗ ನಾ ಮ್ಯೂಚುವಲ್ ಫಂಡಿನ ಕೆಲಸ ಹಿಡದೀನಿ. ಪರೀಕ್ಷಾ ಕೊಟ್ಟು ಪಾಸ್ ಆಗೀನಿ. ಎರಡು ಖಾತಿ ತೆಗೀರಿ. ಒಂದು ನಿಮ್ಮ ಮುಪ್ಪಿಗೆ, ಒಂದು ಹುಡುಗಿ ಕಾಲೇಜಿಗೆ."

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಇದೇ ಮೈದುನ ಅದಕ್ಕೂ ಮೊದಲು ಉದಗೀರದಲ್ಲೇ ಇದ್ದು ಒಂದು ಪತಸಂಸ್ಥೆಗೆ, ಎಂದರೆ ಪತ್ತಿನ ಸಂಘಕ್ಕೆ, ಪಿಗ್ಮಿ ಜಮಾ ಮಾಡುತ್ತಿದ್ದ. ದಿನಾ ಅಂಗಡಿ ಅಂಗಡಿ ತಿರುಗಿ, ನನ್ನ ಖಾನಾವಳಿಯ ಗಲ್ಲಾದಿಂದಲೂ ಒಂದಿಷ್ಟು ಒಯ್ಯುತ್ತಿದ್ದ. ಒಂದು ದಿನ ಆ ಸಂಸ್ಥೆಯ ಶಟರ್ ಕೆಳಗೆ ಬಂತು, ಮತ್ತೆ ಮೇಲೆ ಹೋಗಲೇ ಇಲ್ಲ. ಮನೆಯವನೆಂದು ಯಾರೂ ಅವನನ್ನು ಕೇಳಲಿಲ್ಲ. ನಾನು ಕೇಳಿದ್ದೆ. "ನಾ ಬರೇ ಜಮಾ ಮಾಡಾಂವ ವೈನಿ, ಮುಳುಗಿಸಾಂವ ಅಲ್ಲ" ಅಂದಿದ್ದ.

"ಭಾವುಜಿ," ಅಂದೆ. ಇಲ್ಲಿನ ರೂಢಿಯಂತೆ ನಾನು ಮೈದುನನನ್ನು ಹಾಗೇ ಕರೆಯುವುದು. "ಈ ರೊಕ್ಕ ಯಾರ ಕೈಯಾಗ ಕೊಡಬೇಕು?"

"ಯಾರ ಕೈಯಾಗೂ ಇಲ್ಲ. ತಿಂಗಳಾ ತಿಂಗಳಾ ಬ್ಯಾಂಕಿನಿಂದ ತಾನೇ ಹೋಗ್ತದ."

"ಅಂದ್ರ ನಾಳಿ ಮುಳುಗಿದ್ರ ನಾ ಯಾರ ಕೊಳ್ಳಪಟ್ಟಿ ಹಿಡೀಲಿ?"

ಗಂಡ ನಕ್ಕರು. ಮೈದುನ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅಂಗಿಯ ಕಾಲರ್ ಸರಿ ಮಾಡಿಕೊಂಡ.

ಆದರೂ ಅವನು ಹೋದ ಮೇಲೆ ನಾನು ಆ ನುಣುಪು ಕಾಗದವನ್ನು ಎಸೆಯಲಿಲ್ಲ. ಖಾನಾವಳಿ ಮಾಡಿದವರಿಗೆ ಯಾವ ಸರ್ಕಾರ ಪೆನ್ಶನ್ ಕೊಡುತ್ತದೆ? ಹಂಚಿನ ಮುಂದೆ ನಿಂತು ನಿಂತು ಮೊಣಕಾಲು ಆಗಲೇ ನನ್ನ ಜೊತೆ ಜಗಳಕ್ಕಿಳಿದಿತ್ತು. ಇನ್ನು ಮಗಳು. ಆಗ ಅವಳು ಶಾಲೆಯಲ್ಲಿ ಆರನೆಯ ಇಯತ್ತೆ. ವಲಾಂಡಿಗೆ ನನ್ನ ಅತ್ತೆಯ ಮನೆಗೆ ಹೋದಾಗ, ದೇವಣಿ ತಳಿಯ ಆಕಳೊಂದು ಕರು ಹಾಕಲಾರದೆ ಒದ್ದಾಡುತ್ತಿತ್ತಂತೆ. ದನದ ಡಾಕ್ಟರು ಬಂದು ತೋಳಿನ ತನಕ ಕೈಹಾಕಿ ಕರುವನ್ನು ಎಳೆದರಂತೆ. ಅದನ್ನು ನೋಡಿ ಬಂದವಳು ಅಂದಿದ್ದಳು, "ಅವ್ವಾ, ನಾ ಅದೇ ಆಗ್ತೀನಿ." ಬೇರೆ ಮಕ್ಕಳು ವಾರಕ್ಕೊಂದು ಆಗುತ್ತಾರೆ. ಇವಳು ಅದನ್ನು ಬಿಡಲೇ ಇಲ್ಲ. ಅವಳ ಕಾಲೇಜಿನ ಪ್ರವೇಶದ ದಿನ ರೊಕ್ಕ ನನ್ನ ಕೈಯಲ್ಲಿ ಇರಬೇಕು. ಅದರ ಮರುದಿನ ಬಂದರೆ ಅದು ರೊಕ್ಕವಲ್ಲ, ರದ್ದಿ. ಇದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಊಟಕ್ಕೆ ಕೂತಾಗ ಗಂಡ ರೊಟ್ಟಿ ಮುರಿಯುತ್ತ ಸಹಜವಾಗಿ ಅಂದರು: "ತಮ್ಮ ಹೇಳ್ತಾನ, ಹುಡುಗಿ ಹೆಸರಿಗೆ ಬ್ಯಾಡಂತ. ನನ್ನ ಹೆಸರಿಗೇ ಇರ್ಲಿ. ನಾಳಿ ಲಗ್ನಾದ ಮ್ಯಾಲ ಆಕಿ ಹೆಸರು ಬದಲಿ ಆಗ್ತದ, ರೊಕ್ಕ ಸಿಕ್ಕಿ ಬೀಳ್ತದ."

ನನ್ನ ಕೈಯ ಸೌಟು ಪಾತ್ರೆಗೆ ಬಡಿಯಿತು. "ಹುಡುಗಿಗಿ ಇನ್ನಾ ಆರನೇತ್ತಾ! ಈಗೇ ಆಕಿ ಹೆಸರು ಅಳಿಸಾಕ ಕುಂತೀರೇನು ಅಣ್ಣತಮ್ಮರು?"

ಅವರಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ನನ್ನ ಲಗ್ನದ ಕತೆ ಹೇಳಬೇಕು.

ನನ್ನ ತವರು ಭಾಲ್ಕಿಯ ಕಡೆ, ಗಡಿಯ ಆಚೆ, ಕನ್ನಡದ ಸೀಮೆಯಲ್ಲಿ. ಅಲ್ಲಿ ಹೆಣ್ಣಿಗೆ ಹುಟ್ಟಿದಾಗ ಇಟ್ಟ ಹೆಸರೇ ಸಾಯುವ ತನಕ. ಈಚೆ ಕಡೆ ಹಾಗಲ್ಲ. ಮರಾಠಿ ಮಂದಿಯ ರಿವಾಜು ನಮ್ಮ ಲಿಂಗವಂತರ ಮನೆಗಳಿಗೂ ಹತ್ತಿದೆ. ತಾಟಿನಲ್ಲಿ ಅಕ್ಕಿ ಹರವುತ್ತಾರೆ, ಮದುಮಗ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ನಾನೂ ನಕ್ಕಿದ್ದೆ. ಹೆಸರು ನೋಡಲು ಚೆಂದವೇ ಇತ್ತು. ಆಮೇಲೆ ಅದೇ ಅಕ್ಕಿಯನ್ನು ತೊಳೆದು ಅನ್ನಕ್ಕಿಟ್ಟರು.

ನನ್ನಪ್ಪ ಪೋಸ್ಟಿನಲ್ಲಿ ನನ್ನ ಹೆಸರಿಗೆ ರೊಕ್ಕ ಇಟ್ಟಿದ್ದ, ನಾನು ಡಿ.ಎಡ್. ಮಾಡಿ ಮಾಸ್ತರಿಣಿ ಆಗಲಿ ಎಂದು. ಲಗ್ನವಾದರೂ ಕಲಿಸುತ್ತೇವೆ ಎಂದು ಅತ್ತೆಯವರು ಒಪ್ಪಿದ್ದರು, ಅದು ಸುಳ್ಳಲ್ಲ. ಅವಧಿ ಮುಗಿದು ಚೆಕ್ ಬಂತು, ಹಳೆಯ ಹೆಸರಿಗೆ. ಉದಗೀರದ ನನ್ನ ಬ್ಯಾಂಕ್ ಖಾತೆ ಹೊಸ ಹೆಸರಿಗೆ. "ಚೆಕ್ಕಿನಾಗಿನ ಈ ಬಾಯಿ ಯಾರು, ನೀವು ಯಾರು?" ಅಂದರು ಬ್ಯಾಂಕಿನವರು. ಹಳೆಯ ಹೆಸರಿಗೆ ಭಾಲ್ಕಿಯಲ್ಲಿ ಖಾತೆ ತೆರೆಯೋಣವೆಂದರೆ ತವರಿನ ರೇಶನ್ ಕಾರ್ಡಿನಿಂದ ನನ್ನ ಹೆಸರು ಕಡಿದಾಗಿತ್ತು. ನಾನೇ ನಾನು ಎಂದು ಸ್ಟಾಂಪ್ ಕಾಗದದ ಮೇಲೆ ಬರೆಸಿಕೊಂಡು ಗಡಿ ದಾಟಿ ಹೋದೆ, ಬಂದೆ, ಮತ್ತೆ ಹೋದೆ. ರೊಕ್ಕ ಬಂತು. ಬರುವಷ್ಟರಲ್ಲಿ ಪ್ರವೇಶ ಮುಗಿದಿತ್ತು. ಮರುವರ್ಷ ಹೊಟ್ಟೆಯಲ್ಲಿ ಮಗಳಿದ್ದಳು. ಆ ರೊಕ್ಕದಿಂದಲೇ ದೊಡ್ಡ ಹಂಚು, ಪಾತ್ರೆ, ಒಲೆ ಕೊಂಡು ಖಾನಾವಳಿ ಹಾಕಿದೆ. ರೊಟ್ಟಿ ಚೆನ್ನಾಗಿ ಬಡಿಯುತ್ತೇನೆ ಎಂದು ಎಲ್ಲರೂ ಹೊಗಳುತ್ತಾರೆ. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹೀಗಿದ್ದವಳು ಮೈದುನನ ಮಾತು ಕೇಳುತ್ತೇನೆಯೇ? ನನ್ನಲ್ಲಿ ಊಟಕ್ಕೆ ಬರುವ ಹುಡುಗನೊಬ್ಬ ತನ್ನ ಅಕ್ಕ ಉಮರ್ಗಾದಲ್ಲಿ ಫಂಡಿನ ಕಚೇರಿಯಲ್ಲೇ ಕೆಲಸ ಮಾಡುತ್ತಾಳೆ ಅಂದಿದ್ದ. ಉಮರ್ಗಾದಲ್ಲಿ ನಮ್ಮವರು ಯಾರೂ ಇಲ್ಲ. ಅದೇ ನನಗೆ ಬೇಕಾಗಿತ್ತು. ಮೊಣಕಾಲಿನ ಡಾಕ್ಟರಿಗೆ ತೋರಿಸಿ ಬರುತ್ತೇನೆ ಎಂದು ಹೇಳಿ ಎಸ್‌ಟಿ ಬಸ್ಸು ಹತ್ತಿದೆ. ಹಾಳಾದ ಬಸ್ಸು ನಿಲಂಗಾದ ಮೇಲೆಯೇ ಹೋಗಬೇಕು. ಅಲ್ಲಿ ಮೈದುನನ ಅಂಗಡಿ ಸ್ಟ್ಯಾಂಡಿನ ಎದುರಿಗೇ. ಬಸ್ಸು ನಿಂತಷ್ಟು ಹೊತ್ತು ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕೂತೆ. ಪಕ್ಕದವಳು "ಕಾಯ್ ಝಾಲಂ ಬಾಯಿ?" ಅಂತ ಮರಾಠಿಯಲ್ಲಿ ಏನಾಯಿತೆಂದು ವಿಚಾರಿಸಿದಳು. ಹಲ್ಲುನೋವು ಅಂದೆ.

ಉಮರ್ಗಾದ ಕಚೇರಿ ಹೆದ್ದಾರಿಯ ಪಕ್ಕದ ಕಟ್ಟಡದಲ್ಲಿ, ಮಾಳಿಗೆಯ ಮೇಲೆ. ನನ್ನ ಮುರುಕು ಮರಾಠಿ ಕೇಳಿ ಆ ಹುಡುಗನ ಅಕ್ಕ, ಇನ್ನೂ ಹುಡುಗಿಯೇ, ಕನ್ನಡಕ್ಕೆ ಇಳಿದಳು. "ಕೂಡ್ರಿ ಅಕ್ಕಾ, ನೀರ ಕುಡೀರಿ." ಇಷ್ಟು ಚೆಂದ ಮಾತಾಡುತ್ತಾಳೆ ಅಂದರೆ ಏನೋ ಇದೆ ಅಂದುಕೊಂಡೆ. ನೀರನ್ನೂ ಮುಟ್ಟಲಿಲ್ಲ.

"ಟಿವಿಯಾಗ ಫಂಡಿನ ಜಾಹೀರಾತಿನ ಆ ಕೊನೀ ಮಾತು ಯಾಕ ಅಷ್ಟು ಗಡಬಡ ಮಾಡಿ ಓದ್ತಾರ?" ಎಂದು ಮೊದಲಿಗೆ ಅದನ್ನೇ ಕೇಳಿದೆ. ಮನೆ ಬಾಡಿಗೆಗೆ ಕೊಡುವವರು ಸೋರುವ ಮೂಲೆಯ ಬಗ್ಗೆ ಹೇಳುವುದು ಹಾಗೇ.

ಹುಡುಗಿ ನಕ್ಕಳು. "ರೊಕ್ಕ ಏರತದ, ಇಳಿತದ ಅಂತ ಹೇಳ್ತಾರ ಅಕ್ಕಾ. ಒಂದೊಂದು ಸರ್ತಿ ಹಾಕಿದ್ದಕ್ಕಿಂತ ಕಮ್ಮಿನೂ ಆಗ್ತದ. ಅದು ಖರೆ."

"ಇದರಾಗ ನಿನಗೇನು ಸಿಗ್ತದ?"

"ನನಗ ಪಗಾರ ಸಿಗ್ತದ ರೀ. ನೀವು ತೆಗೆದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಆ ಮಾತು ಒಂದಿಷ್ಟು ಹಿಡಿಸಿತು. ನಡುವೆ ಏಜೆಂಟ್ ಇಲ್ಲದೆ ನೇರವಾಗಿ ತೆಗೆದರೆ ಖರ್ಚು ಕಡಿಮೆ, ಆದರೆ ನಮ್ಮದನ್ನು ನಾವೇ ನೋಡಿಕೊಳ್ಳಬೇಕು, ಯಾರೂ ಫೋನ್ ಮಾಡುವುದಿಲ್ಲ ಎಂದು ತಿಳಿಸಿದಳು. ಯಾರೂ ಫೋನ್ ಮಾಡದಿದ್ದರೆ ಅದಕ್ಕಿಂತ ಸುಖ ಏನಿದೆ? ಮುಪ್ಪಿನ ಖಾತೆಯನ್ನು ಅಂದೇ ನನ್ನ ಹೆಸರಿಗೆ ತೆರೆದೆ, ಎಂದರೆ ಅಕ್ಕಿ ತಾಟಿನ ಹೆಸರಿಗೆ. ಆಧಾರ್, ಪ್ಯಾನ್ ಎರಡೂ ಅದೇ ಹೆಸರಿಗಿದ್ದವು. ಐದು ವರ್ಷ ಅದನ್ನು ಮುಟ್ಟುವಂತಿಲ್ಲ ಅಂದಳು. ಮಗಳ ಖಾತೆಗೂ ಅದೇ ಕೀಲಿ: ಐದು ವರ್ಷ, ಇಲ್ಲವೇ ಅವಳಿಗೆ ಹದಿನೆಂಟು ತುಂಬುವುದು, ಯಾವುದು ಮೊದಲೋ ಅದು. ನನ್ನ ರೊಕ್ಕ ನಾನೇ ಮುಟ್ಟಬಾರದೇ? ಯಾವ ಊರಿನ ನ್ಯಾಯ ಇದು? ಬಹಳ ಹೊತ್ತು ವಾದ ಮಾಡಿದೆ. ಆ ಹುಡುಗಿಗೆ ತಾಳ್ಮೆ ಇತ್ತು.

"ಹುಡುಗಿ ಹೆಸರಿಗೇ ತೆಗೀತೀನಿ. ಪಾಲಕಿ ಅಂತ ನನ್ನ ಹೆಸರು ಹಾಕು," ಅಂದೆ.

ಅವಳು ಮಗಳ ಜನನದ ದಾಖಲೆ ನೋಡಿದಳು. ನನ್ನ ಆಧಾರ್ ನೋಡಿದಳು. ಮತ್ತೆ ಜನನದ ದಾಖಲೆ ನೋಡಿದಳು.

"ಅಕ್ಕಾ, ಇದರಾಗ ಅವ್ವನ ಹೆಸರು ಬ್ಯಾರೆ ಅದಲಾ."

ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಎರಡೂ ಕಡೆಯ ಪದ್ಧತಿ. ಭಾಲ್ಕಿಯ ಆಸ್ಪತ್ರೆಯಲ್ಲಿ ಹೆಸರು ಬರೆಸಿದವನು ನನ್ನಪ್ಪ. ಅವನ ಬಾಯಲ್ಲಿ ನನಗೆ ಬೇರೆ ಹೆಸರು ಇರಲೇ ಇಲ್ಲ. ತೊಟ್ಟಿಲಲ್ಲಿಟ್ಟ ಹೆಸರನ್ನೇ ಪ್ರೀತಿಯಿಂದ ಬರೆಸಿ ಬಂದಿದ್ದ. ಅಲ್ಲಿಗೆ ಕಾಗದದ ಮೇಲೆ ನನ್ನ ಮಗಳನ್ನು ಹೆತ್ತವಳು ಲಗ್ನದ ದಿನವೇ ಮುಗಿದುಹೋದ ಒಬ್ಬ ಹುಡುಗಿ. ನಾನು ಅವಳಿಗೆ ಯಾರೂ ಅಲ್ಲ. ಮಗಳ ಅಪ್ಪನ ಹೆಸರು ಮಾತ್ರ ಎಲ್ಲ ಕಡೆಗೂ ಒಂದೇ, ಕಲ್ಲಿನಲ್ಲಿ ಕೊರೆದಂತೆ. ಗಂಡಸರ ಹೆಸರಿಗೆ ಯಾರು ಕೈಹಚ್ಚುತ್ತಾರೆ?

"ಅವರಪ್ಪನ್ನ ಪಾಲಕ ಮಾಡ್ರಿ. ಏನೂ ತ್ರಾಸಿಲ್ಲ," ಅಂದಳು ಹುಡುಗಿ.

ತ್ರಾಸು ಅಲ್ಲೇ ಇತ್ತು. ಮನೆಗೆ ಬಂದು ಹೇಳಿದಾಗ ಗಂಡ ಸಹಿ ಮಾಡುತ್ತೇನೆಂದರು, ಆದರೆ ತಮ್ಮನ ಕಡೆಯಿಂದಲೇ ಆಗಬೇಕು ಅಂದರು. "ಮನ್ಯಾಗ ಮಾಡಾಂವ ಇದ್ದು ಹೊರಗ ಹೋದ್ರ ಅಂವನ ಮಾರಿ ಹೆಂಗ ನೋಡ್ಲಿ?" ಆ ಮುಖ ನೋಡುವ ಸಲುವಾಗಿ ಮಗಳ ಖಾತೆ ಮೈದುನನ ಕೈಯಿಂದಲೇ ತೆರೆಯಿತು. ಹೆಸರು ಮಗಳದು, ಅದರಲ್ಲಿ ನಾನು ಒಂದಿಷ್ಟೂ ಬಗ್ಗಲಿಲ್ಲ. ರೊಕ್ಕ ನನ್ನ ರೊಟ್ಟಿಯದು. ಸಹಿ ಗಂಡನದು, ಮೆಸೇಜು ಬರುವ ಮೊಬೈಲೂ ಗಂಡನದು.

ಅಂದಿನಿಂದ ನನಗೆ ಇನ್ನೊಂದು ಕೆಲಸ ಹತ್ತಿತು. ಅವರು ಸ್ನಾನಕ್ಕೆ ಹೋದರೆ ಮೊಬೈಲು ನೋಡುವುದು. ತಿಂಗಳ ರೊಕ್ಕ ಹೋಯಿತೋ, ಇದ್ದದ್ದು ಇದೆಯೋ. ಒಂದು ಸಲ ಬಜಾರು ಬಿದ್ದು ಮೊತ್ತ ಇಳಿದಿತ್ತು. ಅಣ್ಣತಮ್ಮರೇ ನುಂಗಿದರೆಂದು ಎರಡು ದಿನ ಗಂಡನಿಗೆ ಬರೀ ಖಾರಬ್ಯಾಳಿ ಬಡಿಸಿದೆ. ಆಮೇಲೆ ನನ್ನ ಉಮರ್ಗಾದ ಖಾತೆ ನೋಡಿದೆ, ಅದೂ ಇಳಿದಿತ್ತು. ಅಲ್ಲಿಗೆ ನನ್ನದನ್ನು ನುಂಗಿದವರು ಯಾರು? ಸುಮ್ಮನೆ ಮಜ್ಜಿಗೆ ಬಡಿಸಿದೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ಮಗಳ ಶಾಲೆಯ ದಾಖಲೆ, ಆಧಾರ್, ಪಾಸ್‌ಬುಕ್ಕು, ಎಲ್ಲದರಲ್ಲೂ ಅವಳ ಹೆಸರು ಒಂದೇ ರೀತಿ ಇರಬೇಕು ಎಂದು ಒಂದೊಂದರ ಬೆನ್ನು ಹತ್ತಿದೆ. ಮುಖ್ಯಾಧ್ಯಾಪಕರು ನನ್ನನ್ನು ಕಂಡರೆ ಸ್ಟಾಫ್ ರೂಮಿನೊಳಗೆ ಹೋಗುತ್ತಿದ್ದರು. ಹೋಗಲಿ, ಹೊರಗೆ ಬರಲೇಬೇಕಲ್ಲ ಎಂದು ಬಾಗಿಲಲ್ಲೇ ಕೂಡುತ್ತಿದ್ದೆ.

ಮಗಳು ಹತ್ತನೆಯದರಲ್ಲಿದ್ದಾಗ ಗಂಡ ಮೇಲಿಂದ ಮೇಲೆ ನಿಲಂಗಾಕ್ಕೆ ಹೋಗತೊಡಗಿದರು. ಕೇಳಿದರೆ "ಹಿಂಗೇ" ಅನ್ನುತ್ತಿದ್ದರು. ಅವರು ಸುಳ್ಳು ಹೇಳಿದರೆ ಕಿವಿ ತುರಿಸಿಕೊಳ್ಳುತ್ತಾರೆ. ತುರಿಸಿಕೊಂಡರು. ಮರುದಿನ ಖಾನಾವಳಿಗೆ ಬೀಗ ಹಾಕಿ, ಹುಡುಗರಿಗೆ ಹೊರಗೆ ಉಣ್ಣಲು ಹೇಳಿ, ನಿಲಂಗಾಕ್ಕೆ ಹೋದೆ. ಈ ಸಲ ಸೆರಗು ಎಳೆದುಕೊಳ್ಳಲಿಲ್ಲ.

"ಭಾವುಜಿ, ನನ್ನ ಹುಡುಗಿ ರೊಕ್ಕಕ್ಕ ಏನು ನಡಸೀರಿ ಇಬ್ಬರೂ? ಖರೆ ಹೇಳ್ರಿ, ಇಲ್ಲಂದ್ರ ಸ್ಟ್ಯಾಂಡಿನ ಮಂದಿನೆಲ್ಲ ಕೂಡಸ್ತೀನಿ."

ಅಂಗಡಿಯಲ್ಲಿದ್ದ ಗಿರಾಕಿ ಎದ್ದು ಹೋದ. ಮೈದುನ ನನ್ನ ಮುಂದೆ ಸ್ಟೂಲು ಸರಿಸಿದ.

"ಅಣ್ಣಾ ಖಾತಿ ಮುರೀಬೇಕಂತಾನ ವೈನಿ. ಒಂದು ಹಳೀ ಟೆಂಪೋ ಬಂದದ. ಕಾಳು ಹೇರಿದ್ರ ಎರಡ ವರ್ಷದಾಗ ದುಪ್ಪಟ್ಟಾಗ್ತದ, ಹುಡುಗಿ ಕಾಲೇಜಿನ ಹೊತ್ತಿಗಿ ತಿರುಗಿ ಹಾಕ್ತೀನಿ ಅಂತಾನ. ಹೆಂಗ ಕೇಳಿದ್ರೂ ಮುರ್ಯಾಕ ಬರಲ್ಲ ಅಂದೀನಿ. ಕೀಲಿ ಅದ. ಹುಡುಗಿ ಹೆಸರಿನದದ."

ಉಮರ್ಗಾದಲ್ಲಿ ನಾನು ಬೈದು ಬಂದಿದ್ದ ಆ ಕೀಲಿಯೇ ನನ್ನ ಮಗಳನ್ನು ಕಾಯ್ದಿತ್ತು. ಗಂಡನ ಹೆಸರಿಗಿದ್ದಿದ್ದರೆ ಅವಳ ಕಾಲೇಜು ಆವತ್ತಿಗೆ ಟೆಂಪೋದ ಟಯರ್ ಆಗಿರುತ್ತಿತ್ತು. ಅಷ್ಟಾದರೂ ಬಾಯಿ ಸುಮ್ಮನಿರಲಿಲ್ಲ.

"ಮುರಿದ್ರ ನಿಮ್ಮ ಕಮಿಶನ್ ಹೋಗ್ತಿತ್ತು. ಅದಕ್ಕ ಬ್ಯಾಡಂದೀರಿ."

ಅವನು ಮೊದಲ ಸಲ ನನ್ನ ಮುಂದೆ ಮನಸಾರೆ ನಕ್ಕ. "ಅದೂ ಖರೆ ವೈನಿ. ಎರಡೂ ಖರೆ." ಆವತ್ತು ಅವನು ತರಿಸಿದ ಚಹಾವನ್ನು ನಾನು ಕುಡಿದೆ.

ಗಂಡನ ಜೊತೆ ಆದ ಜಗಳ ಇಲ್ಲಿ ಬೇಡ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು, ನಾ ಕೂತು ತಿನ್ನಲಿಕ್ಕಲ್ಲ, ದುಡಿಯಲಿಕ್ಕೆ ಕೇಳಿದ್ದೆ ಅಂದರು. ಅವರ ಮನಸ್ಸು ಕೆಟ್ಟದ್ದಲ್ಲ. ಮಗಳ ಪ್ರವೇಶದ ದಿನ ಅನ್ನುವುದು ಟೆಂಪೋದ ಹಾಗೆ ಕಾಯುವುದಿಲ್ಲ, ಇದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, ಅಷ್ಟೇ.

ಮಗಳಿಗೆ ಹದಿನೆಂಟು ತುಂಬಿದ್ದು, ಪಶುವೈದ್ಯ ಕಾಲೇಜಿನ ಪಟ್ಟಿಯಲ್ಲಿ ಅವಳು ಬಂದದ್ದು ಒಂದೇ ಮಳೆಗಾಲದಲ್ಲಿ. ಖುಷಿಗೆ ಹೋಳಿಗೆ ಮಾಡುತ್ತಿದ್ದೆ, ಗಂಡನ ಮೊಬೈಲಿಗೆ ಮೆಸೇಜು ಬಂತು: ಖಾತೆಯ ವ್ಯವಹಾರ ನಿಲ್ಲಿಸಲಾಗಿದೆ.

"ಮುಗೀತು! ಶಟರ್ ಎಳದ್ರು!" ಎಂದು ಲಟ್ಟಣಿಗೆ ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ಮತ್ತೆ ಅದೇ. ಪ್ರವೇಶದ ದಿನ ಎದುರಿಗೆ, ರೊಕ್ಕ ಕಾಗದದೊಳಗೆ. ನನಗಾದದ್ದೇ ಇವಳಿಗೂ.

ಮಗಳು ಲಟ್ಟಣಿಗೆ ಕಸಿದುಕೊಂಡಳು. "ಅವ್ವಾ, ಸಮಾಧಾನ. ಕಾಕಾನ ಕಡಿ ಹೋಗಮು."

ನಿಲಂಗಾದಲ್ಲಿ ಮೈದುನ ವಿವರಿಸಿದ. ಹುಡುಗಿ ಈಗ ದೊಡ್ಡವಳು, ಇನ್ನು ಅಪ್ಪನ ಸಹಿ ನಡೆಯುವುದಿಲ್ಲ, ಅವಳದೇ ಬೇಕು. ಅವಳ ಪ್ಯಾನ್, ಅವಳ ಬ್ಯಾಂಕು, ಬ್ಯಾಂಕಿನವರು ಒಪ್ಪಿದ ಅವಳ ಸಹಿ. "ಎಲ್ಲಾದ್ರಾಗೂ ಹೆಸರು ಒಂದೇ ಇದ್ರ ಲಗೂ ಆಗ್ತದ. ಇಲ್ಲಂದ್ರ..."

ಮುಂದಿನದನ್ನು ಅವನಿಗೆ ಹೇಳಲು ಬಿಡಲಿಲ್ಲ. ಮಗಳ ದಾಖಲೆಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಅವನ ಮೇಜಿನ ಮೇಲೆ ಸುರಿದೆ. ಅವನು ಒಂದೊಂದಾಗಿ ನೋಡಿದ. ನಾನು ಅವನ ಮುಖ ನೋಡುತ್ತ ನಿಂತೆ. "ಎಲ್ಲಾ ಬರಾಬ್ಬರ್ ಅದ ವೈನಿ," ಅಂದ. ಆಗ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ರೊಕ್ಕ ಪ್ರವೇಶದ ಕೊನೆಯ ದಿನಕ್ಕೆ ಮೊದಲೇ ಅವಳ ಖಾತೆಗೆ ಬಂತು. ಈಗ ಅವಳು ಕಾಲೇಜಿನಲ್ಲಿದ್ದಾಳೆ, ಮೈಗೆ ಆಕಳ ವಾಸನೆ ಹಚ್ಚಿಕೊಂಡು ಬರುತ್ತಾಳೆ.

ಆದರೆ ಆವತ್ತು ನಿಲಂಗಾದಲ್ಲಿ ಅರ್ಜಿ ತುಂಬುವಾಗ ಆದದ್ದನ್ನು ಹೇಳದಿದ್ದರೆ ಇಷ್ಟೆಲ್ಲ ಹೇಳಿ ಉಪಯೋಗವಿಲ್ಲ. ಚಿಕ್ಕವರ ಖಾತೆಗೆ ನಾಮಿನಿ ಇರುವುದಿಲ್ಲವಂತೆ. ದೊಡ್ಡವಳಾದ ಮೇಲೆ ಕೇಳುತ್ತಾರೆ, ನಿನ್ನ ಹಿಂದೆ ಇದು ಯಾರಿಗೆ ಎಂದು. ಮಗಳು ಯೋಚಿಸಲೇ ಇಲ್ಲ, "ಅವ್ವಗ" ಅಂದಳು. ಬರೆಯಲು ಹೋದ ಪೆನ್ನು ನಿಂತಿತು. ನನ್ನ ಕಡೆ ತಿರುಗಿದಳು.

"ಅವ್ವಾ, ನಿನ್ನ ಯಾವ ಹೆಸರು ಬರೀಲಿ?"

"ಯಾವುದಂದ್ರ? ಎಷ್ಟು ಹೆಸರಾವ ವೈನಿಗಿ?" ಅಂದ ಮೈದುನ. ನನ್ನ ಗಂಡನ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಮರೆತಿತ್ತು. ಮಗಳು ತನ್ನ ಜನನದ ದಾಖಲೆಯಲ್ಲಿ ಓದಿಕೊಂಡಿದ್ದ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಅಪ್ಪ ತೀರಿಕೊಂಡ ಮೇಲೆ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಆವತ್ತೇ. ಯಾರನ್ನೋ ಕರೆದರು ಅನ್ನಿಸಿ ಬಾಗಿಲ ಕಡೆ ನೋಡಿದೆ.

ಆದರೆ ರೊಕ್ಕದ ಮಾತಿನಲ್ಲಿ ನಾನು ನನ್ನ ಮನಸ್ಸನ್ನೂ ನಂಬುವವಳಲ್ಲ. "ಯಾವ ಹೆಸರಿಗಿ ರೊಕ್ಕ ಸಿಗ್ತದ ಅದು ಬರಿ," ಅಂದೆ. ಅವಳು ಅಕ್ಕಿ ತಾಟಿನ ಹೆಸರು ಬರೆದಳು. ಕನ್ನಡಕ ಹಾಕಿಕೊಂಡು ಆಧಾರ್ ಪಕ್ಕಕ್ಕಿಟ್ಟು ತಾಳೆ ನೋಡಿದೆ. ಸರಿಯಾಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಗದ್ದಲ. ವಲಾಂಡಿ ದಾಟಿದ ಮೇಲೆ ಸ್ವಲ್ಪ ಖಾಲಿಯಾಯಿತು. ಮಗಳ ಕಡೆ ಬಾಗಿ ಕೇಳಿದೆ.

"ಆಗ ಒಂದು ಹೆಸರು ಅಂದ್ಯಲಾ, ಇನ್ನೊಮ್ಮೆ ಅನ್ನು."

ಅಂದಳು.

"ಮೆಲ್ಲಕ," ಅಂದೆ. "ಮಂದಿ ಕೇಳಸ್ಕೋತಾರ."